ನಂಬರ್ ಒನ್ ಸರಿ, ಎಣಿಸಿದವರು ಯಾರು?

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರದ ಪುರವಣಿಯಲ್ಲಿ ಹಳೆಯ ಇಂಗ್ಲಿಷ್ ಪಾಪ್ ಹಾಡುಗಳ ಬಗ್ಗೆ ಬಂದ ಬರಹ ಓದಿದೆ. ಖುಷಿಯಾಯಿತು, ಸ್ವಲ್ಪ ಸಿಟ್ಟೂ ಬಂತು. ಆಗೆಲ್ಲ ನಂಬರ್ ಒನ್ ಆಗಬೇಕಾದರೆ ಜನ ನಿಜವಾಗಿ ಮೆಚ್ಚಬೇಕಿತ್ತು, ಈಗ ಎಲ್ಲ ಬರೀ ಲೆಕ್ಕದ ಆಟ ಅಂತ ಬರೆದಿದ್ದಾರೆ. ಲೆಕ್ಕದ ಆಟ ಆಗಲೂ ಇತ್ತು ಸ್ವಾಮಿ. ನನ್ನನ್ನು ಕೇಳಿದರೆ ಆಗಲೇ ಜಾಸ್ತಿ ಇತ್ತು.

ನಾನೂ ವಾರವಾರ ಬರುವ ಜನಪ್ರಿಯ ಹಾಡುಗಳ ಪಟ್ಟಿಗಳ ಹುಚ್ಚು ಹಿಡಿಸಿಕೊಂಡೇ ಬೆಳೆದವನು. ರೇಡಿಯೋದಲ್ಲಿ ಕೌಂಟ್‌ಡೌನ್ ಶುರುವಾದರೆ ಮುಗಿಯುವ ತನಕ ಏಳುತ್ತಿರಲಿಲ್ಲ. ಟೇಪ್ ರೆಕಾರ್ಡರ್‌ನ ಪ್ಲೇ, ರೆಕಾರ್ಡ್ ಎರಡೂ ಗುಂಡಿ ಒಟ್ಟಿಗೆ ಒತ್ತಿ, ಪಾಸ್ ಹಾಕಿ, ಅದರ ಮೇಲೆ ಬೆರಳಿಟ್ಟುಕೊಂಡು ಕಾಯುವುದು. ನಿರೂಪಕ ಮಾತು ನಿಲ್ಲಿಸಿದ ಅಂತ ಪಾಸ್ ಬಿಟ್ಟರೆ, ಅವನಿಗೆ ಆಗಲೇ ಇನ್ನೊಂದು ಮಾತು ನೆನಪಾಗುತ್ತಿತ್ತು. ನನ್ನ ಕ್ಯಾಸೆಟ್‌ನಲ್ಲಿ 'ಬಿಲ್ಲಿ ಜೀನ್' ಶುರುವಿನ ಡ್ರಮ್ಸ್ ಇಲ್ಲವೇ ಇಲ್ಲ, ಅಲ್ಲಿ ಅವನ ಧ್ವನಿ ಕೂತಿದೆ. ಇವತ್ತಿಗೂ ಆ ಹಾಡನ್ನು ಪೂರ್ತಿ ಕೇಳಿದರೆ, ಮುಂದೆ ಯಾರೋ ಏನೋ ಸೇರಿಸಿದ್ದಾರೆ ಅನಿಸುತ್ತದೆ.

ಹೀಗೆ ಅಷ್ಟು ಭಕ್ತಿಯಿಂದ ನಂಬಿದ್ದ ಪಟ್ಟಿಯನ್ನು ಮಾಡುತ್ತಿದ್ದದ್ದು ಹೇಗೆ ಅಂತ ಆಮೇಲೆ ಓದಿದಾಗ ನಗು ಬಂತು.

ಬ್ರಿಟನ್‌ನ ಮೊದಲ ಸಿಂಗಲ್ಸ್ (ಬಿಡಿ ಹಾಡಿನ ರೆಕಾರ್ಡು) ಪಟ್ಟಿ ಬಂದದ್ದು 1952ರ ನವೆಂಬರ್ 14ರಂದು, ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ. ಪರ್ಸಿ ಡಿಕಿನ್ಸ್ ಅನ್ನುವವರು ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ನಿಮ್ಮಲ್ಲಿ ಯಾವುದು ಜಾಸ್ತಿ ಹೋಗ್ತಿದೆ ಅಂತ ಕೇಳಿ ಬರೆದುಕೊಂಡರು. ಅಷ್ಟೇ. ಇಡೀ ದೇಶದ ನಂಬರ್ ಒನ್ ಅಲ್ ಮಾರ್ಟಿನೋ ಅನ್ನುವ ಗಾಯಕ ಅಂತ ತೀರ್ಮಾನವಾಯಿತು. ಅಮೆರಿಕದಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100 ಅನ್ನುವ ನೂರು ಹಾಡುಗಳ ಪಟ್ಟಿ ಶುರುವಾದದ್ದು 1958ರ ಆಗಸ್ಟ್‌ನಲ್ಲಿ. ಅಲ್ಲಿ ಮಾರಾಟದ ಜೊತೆ ರೇಡಿಯೋದಲ್ಲಿ ಎಷ್ಟು ಸಲ ಹಾಕಿದರು ಅನ್ನುವುದೂ ಸೇರಿತು. ಆ ರೇಡಿಯೋದವರು ಎಷ್ಟು ಸಾಚಾ ಅಂತೀರಾ? ಮರುವರ್ಷವೇ, ಹಾಡು ಹಾಕಲು ರೆಕಾರ್ಡ್ ಕಂಪನಿಗಳಿಂದ ದುಡ್ಡು ತಿನ್ನುವುದರ ಬಗ್ಗೆ ಅಮೆರಿಕದ ಸಂಸತ್ತಿನಲ್ಲೇ ವಿಚಾರಣೆ ಶುರುವಾಯಿತು. ಅದಕ್ಕೆ ಪೇಯೋಲಾ ಅಂತ ಹೆಸರೂ ಇತ್ತು.

ಅಂಗಡಿಯ ಕೌಂಟರ್‌ನಲ್ಲಿ ನಿಂತ ಹುಡುಗನನ್ನು ಸುಮ್ನೆ ಕಲ್ಪಿಸಿಕೊಳ್ಳಿ. ಮುಂದೆ ನಾಲ್ಕು ಗಿರಾಕಿ, ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ ಫೋನು, ಆ ಕಡೆಯಿಂದ ಪಟ್ಟಿ ಮಾಡುವವರು. ಅವನು ಎಷ್ಟು ರೆಕಾರ್ಡು ಮಾರಿದೆ ಅಂತ ಲೆಕ್ಕ ಕೊಡುತ್ತಿರಲಿಲ್ಲ, ಯಾವುದು ಮೊದಲು ಯಾವುದು ಎರಡನೆಯದು ಅಂತ ಬಾಯಲ್ಲಿ ಹೇಳುತ್ತಿದ್ದ. ಅವನಿಗೆ ರಾಕ್ ಇಷ್ಟವಾದರೆ ಅದು ಮೇಲೆ. ಹಿಂದಿನ ಕೋಣೆಯಲ್ಲಿ ಯಾವುದೋ ಆಲ್ಬಮ್ ಡಬ್ಬಗಟ್ಟಲೆ ಉಳಿದಿದ್ದರೆ ಅದೂ ಭಾರಿ ಹೋಗ್ತಿದೆ ಸಾರ್! ಒಂದಲ್ಲ ಎರಡಲ್ಲ, 1991ರ ತನಕ ಅಮೆರಿಕದ ಆಲ್ಬಮ್ ಪಟ್ಟಿ ನಡೆದದ್ದು ಹೆಚ್ಚುಕಡಿಮೆ ಇದೇ ನಂಬಿಕೆಯ ಮೇಲೆ.

ಆ ವರ್ಷ ಮೇ ತಿಂಗಳಲ್ಲಿ ಮಾರಾಟ ಎಣಿಸುವ ಸೌಂಡ್‌ಸ್ಕ್ಯಾನ್ ಅನ್ನುವ ವ್ಯವಸ್ಥೆ ಬಂತು. ಕೌಂಟರ್‌ನಲ್ಲಿ ಬಾರ್‌ಕೋಡ್ 'ಪೀಂ' ಅಂದರೆ ಒಂದು ಲೆಕ್ಕ. ಜೂನ್ ಹೊತ್ತಿಗೆ ಎನ್‌ಡಬ್ಲ್ಯೂಎ ಅನ್ನುವ ರ‍್ಯಾಪ್ ತಂಡದ ಆಲ್ಬಮ್ ಮೊದಲ ಸ್ಥಾನದಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಗಾರ್ತ್ ಬ್ರೂಕ್ಸ್‌ನ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿ) ಆಲ್ಬಮ್ ಬಂದ ವಾರವೇ ನೇರ ಒಂದಕ್ಕೆ ಹೋಗಿ ಕೂತಿತು. ರ‍್ಯಾಪ್ ಕೇಳುವವರು, ಕಂಟ್ರಿ ಕೇಳುವವರು ರಾತ್ರೋರಾತ್ರಿ ಹುಟ್ಟಿಬಂದರಾ? ಮೊದಲಿಂದಲೂ ಇದ್ದರು. ಕೌಂಟರ್ ಹುಡುಗನ ಬಾಯಲ್ಲಿ ಅವರ ಹೆಸರು ಬರುತ್ತಿರಲಿಲ್ಲ, ಅಷ್ಟೆ.

ಇನ್ನು ಬ್ರಿಟನ್‌ನ ಬೀಟಲ್ಸ್ ತಂಡದ ದಾಖಲೆ. 1964ರ ಏಪ್ರಿಲ್ 4ರ ಹಾಟ್ 100ರಲ್ಲಿ ಮೊದಲ ಐದೂ ಜಾಗ ಅವರದ್ದೇ, ನಿಮ್ಮ ಬರಹದಲ್ಲಿ ಅದು ಸರಿಯಾಗಿಯೇ ಬಂದಿದೆ. ಆದರೆ ಒಂದೇ ತಂಡದ ಐದು ರೆಕಾರ್ಡು ಒಟ್ಟಿಗೆ ಅಂಗಡಿಯಲ್ಲಿ ಇದ್ದದ್ದಾದರೂ ಯಾಕೆ? ಅಮೆರಿಕದ ಕ್ಯಾಪಿಟಲ್ ಕಂಪನಿ ಇವರ ಮೊದಮೊದಲ ಹಾಡುಗಳನ್ನು ಬೇಡ ಅಂತ ಬಿಟ್ಟಿತ್ತು. ವೀ-ಜೇ, ಸ್ವಾನ್ ಅನ್ನುವ ಸಣ್ಣ ಕಂಪನಿಗಳು ಅವನ್ನು ತೆಗೆದುಕೊಂಡಿದ್ದವು. ತಂಡದ ಹೆಸರು ಮನೆಮಾತಾದ ಕೂಡಲೇ ಎಲ್ಲರೂ ತಮ್ಮ ತಮ್ಮ ಹತ್ತಿರ ಇದ್ದದ್ದನ್ನು ಒಟ್ಟಿಗೆ ಅಂಗಡಿಗೆ ತುಂಬಿದರು. ಐದರಲ್ಲಿ ಎರಡು ಮಾತ್ರ ಕ್ಯಾಪಿಟಲ್‌ನದ್ದು. ಹಾಡುಗಳು ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ನನ್ನ ಮನೆಯವರೇ ಹೊರಗೆ ಹಾಕುತ್ತಾರೆ. 2022ರಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಹಾಟ್ 100ರ ಮೊದಲ ಹತ್ತೂ ಜಾಗ ಹಿಡಿದದ್ದು ಮೋಸ ಅನ್ನುವವರು ಇದನ್ನೂ ನೆನಪಿಟ್ಟುಕೊಳ್ಳಲಿ. ಒಂದು ಮಾತು ಒಪ್ಪುತ್ತೇನೆ. ಆಗ ಒಂದೊಂದು ರೆಕಾರ್ಡಿಗೂ ದುಡ್ಡು ಕೊಟ್ಟು ಕೊಳ್ಳಬೇಕಿತ್ತು, ಈಗ ಫೋನಿನಲ್ಲಿ ಹೊಸ ಆಲ್ಬಮ್ ಹಚ್ಚಿಟ್ಟು ಪಾತ್ರೆ ತೊಳೆಯುತ್ತಿದ್ದರೂ ಒಂದೊಂದು ಹಾಡೂ ಲೆಕ್ಕಕ್ಕೆ ಸೇರುತ್ತದೆ.

ನಿಯಮಗಳ ಕಥೆ ಇನ್ನೊಂದು. 1998ರ ಡಿಸೆಂಬರ್ ತನಕ, ಸಿಂಗಲ್ ಆಗಿ ಅಂಗಡಿಗೆ ಬರದ ಹಾಡಿಗೆ ಹಾಟ್ 100ರೊಳಗೆ ಪ್ರವೇಶವೇ ಇರಲಿಲ್ಲ. ಬಿಡಿ ಹಾಡು ಕೊಟ್ಟರೆ ಪೂರ್ತಿ ಆಲ್ಬಮ್ ಯಾರು ಕೊಳ್ಳುತ್ತಾರೆ ಅಂತ ಕಂಪನಿಗಳು ಎಷ್ಟೋ ಹಾಡುಗಳನ್ನು ಸಿಂಗಲ್ ಮಾಡುತ್ತಲೇ ಇರಲಿಲ್ಲ. ನೋ ಡೌಟ್ ತಂಡದ 'ಡೋಂಟ್ ಸ್ಪೀಕ್' 16 ವಾರ ರೇಡಿಯೋ ಪಟ್ಟಿಯ ತುದಿಯಲ್ಲಿತ್ತು. ಹಾಟ್ 100ರಲ್ಲಿ ಆ ಕಾಲದಲ್ಲಿ ಹುಡುಕಿದರೆ ನೂರನೇ ಜಾಗದಲ್ಲೂ ಸಿಗುವುದಿಲ್ಲ. ಒಂದೇ ಹಾಡಿನ ಆಸೆಗೆ ಪೂರ್ತಿ ಕ್ಯಾಸೆಟ್ ಕೊಂಡು, ಉಳಿದ ಹತ್ತನ್ನು ಫಾಸ್ಟ್ ಫಾರ್ವರ್ಡ್ ಮಾಡಿದವರಲ್ಲಿ ನಾನೂ ಒಬ್ಬ.

ಎರಡನೇ ಜಾಗದಲ್ಲಿ ನಿಂತುಬಿಟ್ಟವರ ಬಗ್ಗೆ ನಿಮ್ಮ ಬರಹದಲ್ಲಿ ಒಂದು ಸಾಲೂ ಇಲ್ಲ, ನನಗೆ ಬೇಸರವಾದದ್ದು ಅದಕ್ಕೇ. ಅಮೆರಿಕದ ರಾಕ್ ತಂಡ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್‌ನ ಐದು ಸಿಂಗಲ್‌ಗಳು ಹಾಟ್ 100ರಲ್ಲಿ ಎರಡಕ್ಕೆ ಬಂದು ನಿಂತವು, ಒಂದು ಅನ್ನುವುದು ಅವರಿಗೆ ಒಲಿಯಲೇ ಇಲ್ಲ. 1967ರಲ್ಲಿ 'ಪೆನ್ನಿ ಲೇನ್' ಮತ್ತು 'ಸ್ಟ್ರಾಬೆರಿ ಫೀಲ್ಡ್ಸ್' ಎರಡನ್ನೂ ಒಂದೇ ರೆಕಾರ್ಡಿನ ಎರಡು ಮಗ್ಗುಲಲ್ಲಿ ಕೊಟ್ಟ ಬೀಟಲ್ಸ್ ಅನ್ನು ಬ್ರಿಟನ್‌ನಲ್ಲಿ ಒಂದಕ್ಕೆ ಹೋಗದಂತೆ ತಡೆದದ್ದು ಗಾಯಕ ಎಂಗಲ್‌ಬರ್ಟ್ ಹಂಪರ್‌ಡಿಂಕ್‌ನ 'ರಿಲೀಸ್ ಮೀ'. ಆಸಾಮಿ ಹುಟ್ಟಿದ್ದು ಮದ್ರಾಸಿನಲ್ಲಿ! 1981ರಲ್ಲಿ ಅಲ್ಟ್ರಾವಾಕ್ಸ್ ತಂಡದ 'ವಿಯೆನ್ನಾ' ಅಲ್ಲೇ ಎರಡನೇ ಜಾಗದಲ್ಲಿ ಕಾಯುತ್ತಿದ್ದಾಗ ಮೇಲೆ ಕೂತಿದ್ದದ್ದು ಜೋ ಡೋಲ್ಚೆಯ 'ಶಡಪ್ ಯೂ ಫೇಸ್' ಅನ್ನುವ ತಮಾಷೆ ಹಾಡು. ಎರಡನ್ನೂ ಒಂದಾದ ಮೇಲೆ ಒಂದು ಕೇಳಿ ನೋಡಿ, ಜನರ ಮೆಚ್ಚುಗೆ ಅನ್ನುವುದು ಎಂಥದ್ದು ಅಂತ ಗೊತ್ತಾಗುತ್ತದೆ.

ಆಲ್ಬಮ್‌ಗಳ ಲೆಕ್ಕವಂತೂ ಇನ್ನೂ ಮಜಾ. ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್' ಅಮೆರಿಕದಲ್ಲಿ 37 ವಾರ ಮೊದಲ ಸ್ಥಾನದಲ್ಲಿತ್ತು, ಅದರ ಒಂಬತ್ತು ಹಾಡುಗಳಲ್ಲಿ ಏಳು ಹಾಟ್ 100ರ ಮೊದಲ ಹತ್ತರೊಳಗೆ ಬಂದವು. ಸರಿ, ಅದಕ್ಕೆ ಎದುರು ಮಾತಿಲ್ಲ. ಆದರೆ ಪಿಂಕ್ ಫ್ಲಾಯ್ಡ್ ತಂಡದ 'ಡಾರ್ಕ್ ಸೈಡ್ ಆಫ್ ದಿ ಮೂನ್' ಅಲ್ಲಿ ಮೊದಲ ಸ್ಥಾನದಲ್ಲಿ ಇದ್ದದ್ದು ಒಂದೇ ಒಂದು ವಾರ, 1973ರಲ್ಲಿ. 1988ರ ಹೊತ್ತಿಗೆ ಪಟ್ಟಿಯ ಒಳಗೆ ಅದು ಕಳೆದದ್ದು 741 ವಾರ. ನಿಮ್ಮ ಪುರವಣಿಯ ಲೆಕ್ಕದಲ್ಲಿ ಇದು ಒಂದು ವಾರದ ಹಿಟ್ ಆಗಿಬಿಟ್ಟಿದೆ, ಇದು ಸರಿಯೇ, ನೀವೇ ಹೇಳಿ. ಕೇಟ್ ಬುಷ್‌ನ 'ರನಿಂಗ್ ಅಪ್ ದಟ್ ಹಿಲ್' 1985ರಲ್ಲಿ ಬ್ರಿಟನ್‌ನಲ್ಲಿ ಮೂರಕ್ಕೆ ನಿಂತಿತ್ತು. ಒಂದು ಟೀವಿ ಸರಣಿಯಲ್ಲಿ ಹಾಕಿದ ಮೇಲೆ 2022ರಲ್ಲಿ ಒಂದಕ್ಕೆ ಬಂತು. ಹಾಗಾದರೆ ಅದು ಯಾವ ಕಾಲದ ನಂಬರ್ ಒನ್? ನನ್ನ ಮಗಳು ತನ್ನ ಕಾಲದ್ದು ಅನ್ನುತ್ತಾಳೆ, ನಾನು ಬಿಟ್ಟುಕೊಟ್ಟಿಲ್ಲ.

ಈ ಅಂಕಣ ಮುಂದುವರಿಯಲಿ, ಖಂಡಿತ ಓದುತ್ತೇನೆ. ಮುಂದಿನ ಸಲ ನಂಬರ್ ಒನ್ ಅಂತ ಬರೆಯುವಾಗ ಯಾವ ದೇಶದ ಯಾವ ಪಟ್ಟಿ, ಯಾವ ವಾರದ್ದು ಅಂತ ಪಕ್ಕದಲ್ಲಿ ಒಂದು ಸಾಲು ಹಾಕಿಬಿಡಿ. ಹಾಗೇ ಒಂದು ತಿದ್ದುಪಡಿ. ನಿಮ್ಮ ಬರಹದ ಜೊತೆ ಚೌಕಟ್ಟಿನಲ್ಲಿ ಹಾಕಿದ ಪಟ್ಟಿಯಲ್ಲಿ ಲೆಡ್ ಜೆಪ್ಪೆಲಿನ್ ತಂಡದ 'ಸ್ಟೇರ್‌ವೇ ಟು ಹೆವನ್' ಕೂಡ 1971ರ ನಂಬರ್ ಒನ್ ಹಾಡು ಅಂತ ಸೇರಿಕೊಂಡಿದೆ. ಆ ಕಾಲದಲ್ಲಿ ಅದನ್ನು ಅಂಗಡಿಗೆ ಸಿಂಗಲ್ ಆಗಿ ಬಿಡಲೇ ಇಲ್ಲ, ಅದಿದ್ದ ಆಲ್ಬಮ್ ಕೂಡ ಅಮೆರಿಕದಲ್ಲಿ ಎರಡನೇ ಸ್ಥಾನ ದಾಟಲಿಲ್ಲ.

— ಪುರವಣಿಯನ್ನು ಹಿಂದಿನ ಪುಟದಿಂದ ಓದುವ ಒಬ್ಬ ಓದುಗ