‘ಇನ್ ಕೋಲ್ಡ್ ಬ್ಲಡ್’: ಪ್ರತಿ ಅಕ್ಷರವೂ ನಿಜವಲ್ಲ

ಮಾನ್ಯ ಸಂಪಾದಕರೇ,

ಟ್ರೂಮನ್ ಕಪೋಟಿಯ ‘ಇನ್ ಕೋಲ್ಡ್ ಬ್ಲಡ್’ ಪುಸ್ತಕದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಎರಡು ಮಾತು ಹೇಳುತ್ತದೆ. ನಾಲ್ವರ ಬರ್ಬರ ಕೊಲೆಯ ವರ್ಣನೆಯೇ ಅದನ್ನು ಅರವತ್ತು ವರ್ಷ ಓದಿಸಿಕೊಂಡು ಬಂದಿದೆ ಎನ್ನುವುದು ಒಂದು. ಅದರಲ್ಲಿರುವ ಪ್ರತಿ ಅಕ್ಷರವೂ ನಿಜ ಎನ್ನುವುದು ಇನ್ನೊಂದು. ಎರಡೂ ಸರಿಯಲ್ಲ.

ಘಟನೆ ನಡೆದದ್ದು 1959ರ ನವೆಂಬರ್ 15ರ ನಸುಕಿನಲ್ಲಿ, ಅಮೆರಿಕದ ಕಾನ್ಸಸ್ ರಾಜ್ಯದ ಹಾಲ್ಕಂ ಎಂಬ ಪುಟ್ಟ ಹಳ್ಳಿಯಲ್ಲಿ. ಅನುಕೂಲಸ್ಥ ರೈತ ಹರ್ಬರ್ಟ್ ಕ್ಲಟರ್, ಅವರ ಹೆಂಡತಿ, 16ರ ಮಗಳು, 15ರ ಮಗ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ಕೊಂದವರು ಡಿಕ್ ಹಿಕಾಕ್ ಮತ್ತು ಪೆರಿ ಸ್ಮಿತ್. ಅದೇ ಡಿಸೆಂಬರ್ 30ರಂದು ಲಾಸ್ ವೇಗಸ್‌ನಲ್ಲಿ ಸಿಕ್ಕಿಬಿದ್ದ ಇವರನ್ನು 1965ರ ಏಪ್ರಿಲ್ 14ರಂದು ಗಲ್ಲಿಗೇರಿಸಲಾಯಿತು. ಪುಸ್ತಕ ‘ದ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ನಾಲ್ಕು ಕಂತುಗಳಾಗಿ ಹರಿದು ಬಂದದ್ದು ಆಮೇಲೆ, 1965ರ ಸೆಪ್ಟೆಂಬರ್‌ನಿಂದ. ಅಚ್ಚಾಗಿ ಅಂಗಡಿಗೆ ಬಂದದ್ದು 1966ರ ಜನವರಿಯಲ್ಲಿ. ಅಂದರೆ ಮೊದಲ ಓದುಗನಿಗೂ ಕೊಲೆಗಾರರು ಯಾರು, ಅವರ ಗತಿ ಏನಾಯಿತು ಎಂಬುದು ಗೊತ್ತಿತ್ತು. ಗುಟ್ಟೇ ಇಲ್ಲದ ಕಥೆ ಇಷ್ಟು ಬಿಗಿಯಾಗಿ ಹಿಡಿದುಕೊಳ್ಳುವುದು ಹೇಗೆ?

ಉತ್ತರ ಇರುವುದು ಮೊದಲ ಭಾಗದ ಹೆಣಿಗೆಯಲ್ಲಿ. ಅಲ್ಲಿ ನವೆಂಬರ್ 14ರ ಶನಿವಾರ ಎರಡು ಎಳೆಗಳಲ್ಲಿ ಸಾಗುತ್ತದೆ. ಒಂದರಲ್ಲಿ ಮಗಳು ನೆರೆಮನೆಯ ಹುಡುಗಿಗೆ ಚೆರ್ರಿ ಪೈ ಮಾಡುವುದನ್ನು ಹೇಳಿಕೊಡುತ್ತಾಳೆ, ಅಪ್ಪ 40,000 ಡಾಲರಿನ ಜೀವವಿಮೆಗೆ ಸಹಿ ಹಾಕಿ ಮೊದಲ ಕಂತಿನ ಚೆಕ್ ಬರೆಯುತ್ತಾರೆ. ಇನ್ನೊಂದರಲ್ಲಿ ಕಪ್ಪು ಬಣ್ಣದ 1949ರ ಷೆವ್ರೊಲೆ ಕಾರು ಸುಮಾರು 400 ಮೈಲಿ ದೂರದಿಂದ ಹೊರಟು, ದಾರಿಯ ಅಂಗಡಿಯಲ್ಲಿ ರಬ್ಬರ್ ಕೈಗವಸು, ನೈಲಾನ್ ಹಗ್ಗ ಕೊಂಡುಕೊಂಡು ಬರುತ್ತಿದೆ. ಆ ಹಗ್ಗ ಯಾತಕ್ಕೆಂದು ಓದುಗನಿಗೆ ಗೊತ್ತು, ಪೈ ಬೇಯಿಸುತ್ತಿರುವವಳಿಗೆ ಗೊತ್ತಿಲ್ಲ. ಕ್ರೌರ್ಯದ ಒಂದು ಸಾಲೂ ಬಾರದೆ ಎದೆ ಭಾರವಾಗುವುದು ಈ ಅಂತರದಿಂದಲೇ. ಆಮೇಲೆ ಕಾರು ಬೆಳದಿಂಗಳಲ್ಲಿ ಮನೆಯ ದಾರಿಗೆ ತಿರುಗುತ್ತದೆ, ಮುಂದಿನ ದೃಶ್ಯದಲ್ಲಾಗಲೇ ಭಾನುವಾರದ ಬೆಳಗು, ಚರ್ಚಿಗೆ ಹೋಗಲು ಗೆಳತಿಯರು ಬಂದು ಬಾಗಿಲು ತಟ್ಟುತ್ತಿದ್ದಾರೆ. ನಡುವಿನ ರಾತ್ರಿಯನ್ನು ಕಪೋಟಿ ಖಾಲಿ ಬಿಡುತ್ತಾನೆ. ಅದು ತುಂಬುವುದು ಮೂರನೆಯ ಭಾಗದಲ್ಲಿ, ಅರ್ಧಕ್ಕಿಂತ ಹೆಚ್ಚು ಪುಟ ಸರಿದ ಮೇಲೆ, ಪೊಲೀಸ್ ಕಾರಿನಲ್ಲಿ ಕುಳಿತ ಸ್ಮಿತ್‌ನ ಬಾಯಿಂದ. ಕೊಲೆಯ ವರ್ಣನೆಗೆಂದೇ ಪುಸ್ತಕ ಕೈಗೆತ್ತಿಕೊಂಡವರು ಅಲ್ಲಿಯವರೆಗೆ ಏನನ್ನು ಓದುತ್ತಿದ್ದರು ಎಂದು ನಿಮ್ಮ ಲೇಖಕರು ಹೇಳಬೇಕಿತ್ತು.

ಇನ್ನೊಂದು ಕಾರಣ, ಕೊಲೆಯ ಹಿಂದಿನ ಲೆಕ್ಕಾಚಾರವೇ ಪೊಳ್ಳಾಗಿದ್ದುದು. ಹಿಂದೆ ಕ್ಲಟರ್ ಅವರಲ್ಲಿ ಕೂಲಿಗಿದ್ದ ಫ್ಲಾಯ್ಡ್ ವೆಲ್ಸ್ ಎಂಬ ಕೈದಿ ಲ್ಯಾನ್ಸಿಂಗ್ ಜೈಲಿನಲ್ಲಿ ಹಿಕಾಕ್ ಜೊತೆಗೆ ಒಂದೇ ಕೋಣೆಯಲ್ಲಿದ್ದ. ಆ ಮನೆಯ ತಿಜೋರಿಯಲ್ಲಿ 10,000 ಡಾಲರ್ ಇರುತ್ತದೆ ಎಂದು ಅವನು ಹೇಳಿದ್ದ. ತಿಜೋರಿಯೇ ಇರಲಿಲ್ಲ. ಕ್ಲಟರ್ ಏನು ಕೊಂಡರೂ ಚೆಕ್ ಕೊಡುವವರು, ಜೇಬಿನಲ್ಲಿ ದುಡ್ಡು ಇಡದವರು ಎಂಬುದು ಸುತ್ತಲಿನವರಿಗೆಲ್ಲ ಗೊತ್ತಿದ್ದ ಸಂಗತಿ. ಕೊನೆಗೆ ಸಿಕ್ಕಿದ್ದು ನಲವತ್ತು ಐವತ್ತು ಡಾಲರ್, ಒಂದು ಬೈನಾಕ್ಯುಲರ್, ಒಂದು ರೇಡಿಯೊ. ತನಿಖೆಯ ಭಾಗವೂ ಅಷ್ಟೇ ಅಚ್ಚುಕಟ್ಟು. ನೆಲಮಾಳಿಗೆಯಲ್ಲಿದ್ದ ಬೂಟಿನ ಗುರುತುಗಳಲ್ಲಿ ಒಂದು ಬರಿಗಣ್ಣಿಗೆ ಕಾಣದೆ ಫೋಟೊದಲ್ಲಷ್ಟೇ ಮೂಡಿತ್ತು. ಆ ಬೂಟುಗಳಿದ್ದ ಪೆಟ್ಟಿಗೆಯನ್ನು ಇಬ್ಬರೂ ಮೆಕ್ಸಿಕೊದಿಂದ ತಮಗೇ ಅಂಚೆಯಲ್ಲಿ ಕಳಿಸಿಕೊಂಡಿದ್ದರು. ಲಾಸ್ ವೇಗಸ್ ಅಂಚೆ ಕಚೇರಿಯಿಂದ ಅದನ್ನು ಬಿಡಿಸಿಕೊಂಡ ಕೆಲವೇ ನಿಮಿಷಗಳಲ್ಲಿ ಸಿಕ್ಕಿಬಿದ್ದರು. ಸ್ವಲ್ಪ ಮೊದಲೇ ಹಿಡಿದಿದ್ದರೆ ಮುಖ್ಯ ಸಾಕ್ಷ್ಯವೇ ಕೈಯಲ್ಲಿರುತ್ತಿರಲಿಲ್ಲ.

ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಮನೋವೈದ್ಯರ ಸಾಕ್ಷ್ಯದ ಪುಟಗಳು. ಆರೋಪಿಗೆ ತಾನು ಮಾಡುತ್ತಿರುವುದು ತಪ್ಪೆಂಬ ಅರಿವಿತ್ತೇ ಎಂಬ ಒಂದೇ ಪ್ರಶ್ನೆಗೆ ಕಾನ್ಸಸ್ ಕಾನೂನು ಆಗ ಉತ್ತರ ಬಯಸುತ್ತಿತ್ತು. ಹಿಕಾಕ್ ವಿಷಯದಲ್ಲಿ ವೈದ್ಯರು ಇತ್ತು ಎಂದರು, ಸ್ಮಿತ್ ಬಗ್ಗೆ ಅಭಿಪ್ರಾಯವಿಲ್ಲ ಎಂದರು. ಅಲ್ಲಿಗೆ ಬಾಯಿ ಮುಚ್ಚಿಸಲಾಯಿತು. ಬಿಟ್ಟಿದ್ದರೆ ಅವರು ಏನು ಹೇಳುತ್ತಿದ್ದರು ಎಂಬುದನ್ನು ಕಪೋಟಿ ವಿವರವಾಗಿ ಕೊಡುತ್ತಾನೆ. ನ್ಯಾಯಾಲಯದ ಕಡತದಲ್ಲಿ ಜಾಗ ಸಿಗದ ಮಾತಿಗೆ ಪುಸ್ತಕದಲ್ಲಿ ಜಾಗ ಸಿಕ್ಕಿತು. ಇದು ಪತ್ರಕರ್ತ ಮಾಡಬೇಕಾದ ಕೆಲಸ.

ಈಗ ಎರಡನೆಯ ಮಾತಿಗೆ ಬರುತ್ತೇನೆ. ಎಲ್ಲವೂ ನಿಜ ಎಂದು ಮೊದಲು ಸಾರಿದವನು ಕಪೋಟಿಯೇ. ಆದರೆ ಅವನು ಮಾತಾಡಿಸುವಾಗ ಟೇಪ್ ರೆಕಾರ್ಡರ್ ಇಡುತ್ತಿರಲಿಲ್ಲ, ಎದುರಿಗೆ ಕೂತು ಬರೆದುಕೊಳ್ಳುತ್ತಲೂ ಇರಲಿಲ್ಲ. ಕೇಳಿದ್ದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ನೆನಪಿನಿಂದಲೇ ಬರೆಯಬಲ್ಲೆ ಎನ್ನುತ್ತಿದ್ದ. ಜೊತೆಗೆ ಬಂದಿದ್ದ ಬಾಲ್ಯದ ಗೆಳತಿ ಹಾರ್ಪರ್ ಲೀ ಕೂಡ ಟಿಪ್ಪಣಿ ಮಾಡಿಕೊಟ್ಟಳು. ಅವಳು ಜೊತೆಗಿಲ್ಲದಿದ್ದರೆ ಆ ಊರಿನ ಎಷ್ಟೋ ಮನೆಗಳ ಬಾಗಿಲು ಅವನಿಗೆ ತೆರೆಯುತ್ತಿರಲಿಲ್ಲ. ಈ ಕ್ರಮದ ತೊಂದರೆ ಎಂದರೆ, ಉದ್ಧರಣ ಚಿಹ್ನೆಯೊಳಗಿನ ಮಾತನ್ನು ತಾಳೆ ನೋಡಲು ಮೂಲ ದಾಖಲೆಯೇ ಇರುವುದಿಲ್ಲ.

1966ರಲ್ಲೇ ಫಿಲಿಪ್ ಟಾಂಪ್ಕಿನ್ಸ್ ಎಂಬುವರು ಕಾನ್ಸಸ್‌ಗೆ ಹೋಗಿ ಅದೇ ಜನರನ್ನು ಮಾತಾಡಿಸಿ ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಬರೆದರು. ಕ್ಲಟರ್ ಮಗಳ ಕುದುರೆ ಹರಾಜಾದ ದೃಶ್ಯಕ್ಕೂ ಅವರಿಗೆ ಸಿಕ್ಕ ವಿವರಕ್ಕೂ ಹೊಂದಿಕೆಯಿರಲಿಲ್ಲ. ನೇಣಿನ ಮುಂದೆ ಸ್ಮಿತ್ ಕ್ಷಮೆ ಕೇಳಿದ ಎಂಬುದನ್ನೂ ಅವರು ಪ್ರಶ್ನಿಸಿದರು. 2013ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ವೆಲ್ಸ್ ಸುಳಿವು ಕೊಟ್ಟ ಕೂಡಲೇ ತನಿಖಾಧಿಕಾರಿ ಹಿಕಾಕ್ ತಂದೆತಾಯಿಯ ಮನೆಗೆ ಧಾವಿಸಿದಂತೆ ಪುಸ್ತಕದಲ್ಲಿದೆ, ಪೊಲೀಸ್ ಕಡತದಲ್ಲಿ ಐದು ದಿನ ತಡವಾಗಿ ಎಂದಿದೆ. ಇದು ಕೈತಪ್ಪಿ ಆದದ್ದೇ? ಮುಖ್ಯ ತನಿಖಾಧಿಕಾರಿ ಆಲ್ವಿನ್ ಡ್ಯೂಯಿ ಕಪೋಟಿಗೆ ಕಡತ ತೆರೆದು ತೋರಿಸಿದವರು, ಮನೆಗೆ ಕರೆದು ಊಟ ಹಾಕಿದವರು. ಪುಸ್ತಕದಲ್ಲಿ ನಾಯಕನೂ ಅವರೇ. ಉಪ್ಪಿನ ಋಣ ಎಲ್ಲಿ ತೀರಿತೆಂದು ಬೇರೆ ಹೇಳಬೇಕಿಲ್ಲ.

ಕೊನೆಯ ದೃಶ್ಯವಂತೂ ಪೂರ್ತಿ ಕಟ್ಟುಕಥೆ. ಸ್ಮಶಾನದಲ್ಲಿ ಡ್ಯೂಯಿ ಅವರು ಕ್ಲಟರ್ ಮಗಳ ಗೆಳತಿಯನ್ನು ಕಾಣುತ್ತಾರೆ, ಹಿತವಾದ ನಾಲ್ಕು ಮಾತಾಗುತ್ತದೆ, ಗೋಧಿ ಹೊಲದ ಗಾಳಿ ಬೀಸುತ್ತದೆ. ಆ ಭೇಟಿ ನಡೆದೇ ಇಲ್ಲ. ನೇಣುಗಂಬದಲ್ಲಿ ಮುಗಿಸಿದರೆ ಓದುಗನಿಗೆ ಉಸಿರಾಡಲು ಜಾಗವಿಲ್ಲ ಎನಿಸಿ ಹಾಕಿದ ಒಗ್ಗರಣೆ ಅದು. ಪರಿಮಳ ಚೆನ್ನಾಗಿದೆ, ನಿಜ. ಆದರೆ ಮುಖಪುಟದಲ್ಲಿ ‘ಸತ್ಯ ವೃತ್ತಾಂತ’ ಎಂದು ಅಚ್ಚಾದ ಪುಸ್ತಕ ಇದು.

ಓದುವವರಿಗೆ ಒಂದು ಸರಳ ಉಪಾಯವಿದೆ. ಪ್ರತಿ ದೃಶ್ಯದ ಅಂಚಿನಲ್ಲೂ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ: ಇದನ್ನು ಹೇಳಲು ಬದುಕಿದ್ದವರು ಯಾರು? ಕಾರಿನೊಳಗಿನ ಮಾತಿಗೆ ಇಬ್ಬರಿದ್ದರು, ಬೇರೆ ಬೇರೆ ಕೇಳಿ ಹೋಲಿಸಬಹುದಿತ್ತು. ಕ್ಲಟರ್ ಕೊನೆಯ ಬೆಳಿಗ್ಗೆ ಒಬ್ಬರೇ ತೋಟದಲ್ಲಿ ಅಡ್ಡಾಡುವಾಗ ಅಂದುಕೊಂಡದ್ದನ್ನು ಹೇಳಲು ಯಾರೂ ಇಲ್ಲ. ಗುಂಡು ಹಾರಿಸಿದ್ದು ಯಾರು ಎಂಬಲ್ಲಂತೂ ಪೆನ್ಸಿಲ್ ನಿಂತುಬಿಡುತ್ತದೆ. ಇಬ್ಬರು ಹೆಂಗಸರನ್ನು ಕೊಂದವನು ಹಿಕಾಕ್ ಎಂದು ಮೊದಲು ಹೇಳಿದ ಸ್ಮಿತ್, ಆಮೇಲೆ ನಾಲ್ವರನ್ನೂ ತಾನೇ ಕೊಂದೆ ಎಂದು ಹೇಳಿಕೆ ತಿದ್ದಲು ಹೊರಟ. ಅಲ್ಲಿ ಮಾತ್ರ ಕಪೋಟಿ ತಾನಾಗಿ ತೀರ್ಪು ಕೊಡಲಿಲ್ಲ. ಮತ್ತೆ ಮತ್ತೆ ಓದಲು ಕರೆಯುವುದು ಅಂಥ ಜಾಗಗಳೇ.

ಈ ಮಾದರಿಯಲ್ಲಿ ಕನ್ನಡದಲ್ಲೂ ಅಪರಾಧ ಕಥನಗಳ ಮಾಲೆ ಶುರುಮಾಡುವುದಾಗಿ ನಿಮ್ಮ ಪುರವಣಿ ಪ್ರಕಟಿಸಿದೆ. ಸಂತೋಷ. ಒಂದು ಕೋರಿಕೆಯಿದೆ. ಪ್ರತಿ ಕಂತಿನ ಕೆಳಗೆ ಮೂರು ಸಾಲು ಮೀಸಲಿಡಿ: ಯಾವುದು ಎಫ್‌ಐಆರ್, ದೋಷಾರೋಪ ಪಟ್ಟಿ ಮತ್ತು ತೀರ್ಪಿನಿಂದ ಬಂದದ್ದು, ಯಾವುದು ಯಾರ ಬಾಯಿಂದ ಕೇಳಿದ್ದು, ಯಾವ ಸಂಭಾಷಣೆ ಲೇಖಕರೇ ಹೊಂದಿಸಿದ್ದು. ಜಾಗ ಸಾಲದಿದ್ದರೆ ರಕ್ತದ ಕಲೆಯ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಿದರಾಯಿತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಧಾರವಾಡ