ಇಲಿಯ ಬಲವನ್ನು ಅಳೆಯುವ ಮಗಳಿಗೆ

ಪ್ರೀತಿಯ ಪುಟ್ಟಿಗೆ,

ನಿನ್ನ ಎಂಡಿಎಕ್ಸ್ ಇಲಿಗಳ ಮೇಲೆ ನಿನಗೆ ಸಿಟ್ಟು ಬಂದಿರುವುದು ಪತ್ರದಲ್ಲೇ ಕಾಣುತ್ತದೆ. ಸ್ನಾಯುಕೋಶದ ಪೊರೆಯನ್ನು ಗಟ್ಟಿಯಾಗಿಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇವುಗಳಲ್ಲಿ ಇಲ್ಲ, ಆದರೂ ಪಂಜರದ ತುಂಬ ಓಡಾಡುತ್ತವೆ, ಸ್ನಾಯುಗಳೂ ದಪ್ಪಗಿವೆ. ಇದೇ ಪ್ರೋಟೀನ್ ಇಲ್ಲದೆ ಸ್ನಾಯುಗಳು ಕ್ಷಯಿಸುವ ಡುಶೆನ್ ಕಾಯಿಲೆಯ ಹುಡುಗರ ಬಗ್ಗೆ ಇವು ಏನು ಹೇಳಿಯಾವು ಎಂದು ಕೇಳಿದ್ದೀಯ. 1984ರಲ್ಲಿ ಇವುಗಳ ವರದಿ ಬಂದದ್ದೇ ಸ್ನಾಯು ಹಾನಿಗೊಂಡಾಗ ಸೋರುವ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ರಕ್ತದಲ್ಲಿ ಹೆಚ್ಚಾಗಿದ್ದುದರಿಂದ. ನಡಿಗೆಯಲ್ಲಿ ಅಂಥ ದೋಷವೇನೂ ಎದ್ದು ಕಂಡಿರಲಿಲ್ಲ.

ದಪ್ಪವನ್ನು ನಂಬಬೇಡ. ಸ್ನಾಯುವಿನ ಒಟ್ಟು ಬಲವನ್ನು ಅದರ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿ ನೋಡು, ಕೊರತೆ ಹೊರಬೀಳುತ್ತದೆ. ಇನ್ನೂ ಸ್ಪಷ್ಟವಾಗಿ ನೋಡಬೇಕಾದರೆ, ಸ್ನಾಯು ಬಿಗಿದಿರುವಾಗಲೇ ಅದನ್ನು ಎಳೆದು ಉದ್ದ ಮಾಡು. ಘಟ್ಟ ಇಳಿಯುವಾಗ ನಮ್ಮ ತೊಡೆಗಳಿಗೆ ಆಗುವುದು ಇದೇ. ಡಿಸ್ಟ್ರೋಫಿನ್ ಇಲ್ಲದ ಪೊರೆ ಆ ಎಳೆತವನ್ನು ತಾಳುವುದಿಲ್ಲ. ಕೆಲವೇ ಸುತ್ತುಗಳಲ್ಲಿ ಬಲ ಕುಸಿಯುತ್ತದೆ. ಇದನ್ನು ದಣಿವು ಎಂದು ಬರೆದುಬಿಡಬೇಡ. ದಣಿದ ಸ್ನಾಯು ಸ್ವಲ್ಪ ಹೊತ್ತು ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ, ಗಾಯಗೊಂಡದ್ದು ಅಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ.

ನಿಜವಾದ ದಣಿವಿನ ಕಥೆ ಬೇರೆ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವೊಂದನ್ನು ಪೊರೆಯ ಬಳಿ ಹಿಡಿದಿಡುವುದೂ ಡಿಸ್ಟ್ರೋಫಿನ್ನಿನ ಕೆಲಸವೇ. ಆ ಕಿಣ್ವ ಅಲ್ಲಿಲ್ಲದಿದ್ದರೆ ದುಡಿಯುವ ಸ್ನಾಯುವಿನ ರಕ್ತನಾಳಗಳು ಸಾಕಷ್ಟು ಹಿಗ್ಗುವುದಿಲ್ಲ. ಹಗುರ ವ್ಯಾಯಾಮವಾದ ಮೇಲೂ ಎಂಡಿಎಕ್ಸ್ ಇಲಿ ಚಟುವಟಿಕೆ ನಿಲ್ಲಿಸಿ ಬಿದ್ದುಕೊಳ್ಳುವುದಕ್ಕೆ ಇದೇ ಕಾರಣವೆಂದು 2008ರಲ್ಲಿ ತೋರಿಸಿದರು. ಸ್ನಾಯುವನ್ನು ಕತ್ತರಿಸಿ ದ್ರಾವಣದಲ್ಲಿಟ್ಟು ಅಳೆಯುತ್ತಿದ್ದೀಯಲ್ಲ, ಅಲ್ಲಿ ರಕ್ತದ ಹರಿವೇ ಇಲ್ಲ. ಈ ದಣಿವು ಅಲ್ಲಿ ಹೇಗೆ ಕಂಡೀತು?

ಇಲಿ ಸರಳನ್ನು ಎಷ್ಟು ಬಲವಾಗಿ ಹಿಡಿಯುತ್ತದೆಂದು ಅಳೆಯುವ ಹಿಡಿತದ ಪರೀಕ್ಷೆಯ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಇಲಿಗೆ ಮನಸ್ಸಿಲ್ಲದಿದ್ದರೆ ಸರಳನ್ನು ಬಿಟ್ಟುಬಿಡುತ್ತದೆ, ಅಷ್ಟೇ. ದೇಹದ ತೂಕವನ್ನು ಲೆಕ್ಕಕ್ಕೆ ತೆಗೆದುಕೋ, ಯಾವ ಇಲಿ ಯಾವ ಗುಂಪಿನದೆಂದು ತಿಳಿಯದವರಿಂದ ಅಳೆಸು. ವಯಸ್ಸನ್ನೂ ಬರೆದಿಡು: ಮೂರು ವಾರದ ಸುಮಾರಿಗೆ ಸ್ನಾಯು ತೀವ್ರವಾಗಿ ನಾಶವಾಗತೊಡಗುತ್ತದೆ, ಆಮೇಲೆ ಮರುಹುಟ್ಟು ಅದನ್ನು ಬಹುಮಟ್ಟಿಗೆ ಮುಚ್ಚಿಹಾಕುತ್ತದೆ.

ಉಸಿರಾಟ ನಡೆಸುವ ಡಯಾಫ್ರಂ ಮಾತ್ರ ಹಾಗಲ್ಲ. ಬಿಡುವಿಲ್ಲದೆ ದುಡಿಯುವ ಆ ಸ್ನಾಯು ಎಂಡಿಎಕ್ಸ್ ಇಲಿಯಲ್ಲೂ ಕ್ರಮೇಣ ನಾರುಗಟ್ಟುತ್ತದೆ, ರೋಗಿಗಳ ಸ್ನಾಯುವನ್ನು ಹೆಚ್ಚು ಹೋಲುತ್ತದೆ. ನೀನು ಇನ್ನೂ ಕಾಲಿನ ಸ್ನಾಯುಗಳಲ್ಲೇ ಇದ್ದೀಯ. ಮುಂದಿನ ತಂಡದ ಇಲಿಗಳಲ್ಲಿ ಡಯಾಫ್ರಂ ಪಟ್ಟಿಯನ್ನೂ ಅಳೆದು, ಆ ರೇಖಾಚಿತ್ರಗಳನ್ನು ನನಗೆ ಕಳುಹಿಸು. ಅಪ್ಪ ಹೊಸ ಕನ್ನಡಕ ಮಾಡಿಸಿಕೊಂಡಿದ್ದಾರೆ, ಅವರೂ ನೋಡುತ್ತಾರಂತೆ.

ನಿನ್ನ,
ಅಮ್ಮ