ತಣ್ಣಗಿರುವಾಗಲೇ ಎಂಜಿನ್ನಿನ ದನಿ ಕೇಳಬೇಕು

ಹನುಮಂತನಗರ, ಬೆಂಗಳೂರು

ಚಿ. ಮೇಘನಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ, ನಿಮ್ಮೆಲ್ಲರ ಕ್ಷೇಮವನ್ನು ಬಯಸುತ್ತೇವೆ.

2013ರ ಮಾದರಿಯ ಡೀಸೆಲ್ ಸ್ವಿಫ್ಟ್ ಕಾರೊಂದನ್ನು ಕೊಳ್ಳಲು ನೀನು ಮಾತುಕತೆ ನಡೆಸಿರುವೆಯೆಂದೂ, ಅದು 92 ಸಾವಿರ ಕಿಲೋಮೀಟರ್ ಓಡಿದೆಯೆಂದೂ ಅಕ್ಕ ಫೋನಿನಲ್ಲಿ ತಿಳಿಸಿದಳು. ಮುಂಗಡ ಕೊಡುವ ಮುನ್ನ ಮಾವನನ್ನು ಒಂದು ಮಾತು ಕೇಳಬೇಕೆಂದು ನಿನಗೆ ಅನ್ನಿಸಿದ್ದು ನನಗೆ ಬಹಳ ಸಂತೋಷ ತಂದಿತು. ಮೂವತ್ತನಾಲ್ಕು ವರ್ಷ ಡೀಸೆಲ್ ಪಂಪು ಮತ್ತು ನಾಜಲ್‌ಗಳ ಕೆಲಸವನ್ನೇ ಮಾಡಿದ ನನಗೆ ಇದನ್ನು ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸಲಾಗದು. ಆದ್ದರಿಂದ ಬರೆಯುತ್ತಿದ್ದೇನೆ, ಎರಡು ಸಲ ಓದು.

ಆ ಕಾರಿನಲ್ಲಿರುವ ಎಂಜಿನ್ ಇಟಲಿಯ ಫಿಯಟ್ ಮೂಲದ್ದು. 2003ರಲ್ಲಿ ಹೊರಬಂದ 1.3 ಲೀಟರಿನ ಮಲ್ಟಿಜೆಟ್ ಎಂಬ ಈ ಎಂಜಿನ್ನನ್ನು ನಮ್ಮಲ್ಲಿ ಮಾರುತಿ, ಟಾಟಾ, ಫಿಯಟ್ ಮೂವರೂ ಎಷ್ಟೊಂದು ಕಾರುಗಳಲ್ಲಿ ಬಳಸಿದರೆಂದರೆ, ಇದಕ್ಕೆ ಭಾರತದ ರಾಷ್ಟ್ರೀಯ ಡೀಸೆಲ್ ಎಂಜಿನ್ ಎಂಬ ಹೆಸರೇ ಬಂದಿತ್ತು. 1248 ಸಿಸಿ, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್. ನಿನ್ನ ಕಾರಿನಲ್ಲಿರುವ ಬಗೆಯಲ್ಲಿ 4000 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ, 75 ಪಿಎಸ್ ಶಕ್ತಿ, 2000 ಆರ್‌ಪಿಎಂಗೆ 190 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಮಾರುತಿಯವರು 2020ರ ಏಪ್ರಿಲ್‌ನಲ್ಲಿ ಹೊಗೆಯ ಮಾಲಿನ್ಯ ತಗ್ಗಿಸುವ ಬಿಎಸ್-6 ನಿಯಮ ಬಂದಾಗ ಡೀಸೆಲ್ ಕಾರುಗಳನ್ನೇ ನಿಲ್ಲಿಸಿದರು. ಹಾಗೆಂದು ಬಿಡಿಭಾಗಗಳಿಗೆ ನೀನು ಹೆದರಬೇಕಾಗಿಲ್ಲ. ಈ ಎಂಜಿನ್ನಿನ ಸಾಮಾನು ಸಿಗದೆ ನಾನು ಜೆ.ಸಿ. ರಸ್ತೆಯಿಂದ ಬರಿಗೈಯಲ್ಲಿ ಮರಳಿದ ದಿನ ನೆನಪಿಲ್ಲ.

ಈ ಎಂಜಿನ್ನಿನ ಪ್ರಾಣ ಇರುವುದು ಆಯಿಲ್‌ನಲ್ಲಿ. ಇದನ್ನೊಂದು ನೀನು ಅರ್ಥಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಅದರೊಳಗೆ ಹಿಡಿಯುವುದು ಸುಮಾರು ಮೂರು ಲೀಟರ್ ಮಾತ್ರ. ಅಷ್ಟು ಕಡಿಮೆ ಆಯಿಲ್ ಪಿಸ್ಟನ್, ಕ್ರ್ಯಾಂಕ್, ಟೈಮಿಂಗ್ ಚೈನ್, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಲ್ಲವನ್ನೂ ಕಾಯಬೇಕು. ಅದರ ಮೇಲೆ ಡೀಸೆಲ್ ಉರಿದು ಉಂಟಾಗುವ ಮಸಿಯನ್ನೂ ತಾನೇ ಹೊರಬೇಕು. ಆಯಿಲ್ ಬದಲಾಯಿಸಿದ ಮರುವಾರವೇ ಅದು ಕಾಡಿಗೆಯಂತೆ ಕಪ್ಪಾಗುತ್ತದೆ. ಡೀಸೆಲ್‌ನಲ್ಲಿ ಅದು ಸಹಜ, ಅದನ್ನು ನೋಡಿ ಗಾಬರಿಯಾಗಬೇಡ. ಕಪ್ಪು ಬಣ್ಣಕ್ಕಿಂತ ಅಪಾಯಕಾರಿಯಾದದ್ದು ಮಟ್ಟ ಇಳಿಯುವುದು. ಎರಡು ಸರ್ವಿಸ್‌ಗಳ ನಡುವೆ ಅರ್ಧ ಲೀಟರ್ ಕಡಿಮೆಯಾಯಿತೆಂದರೆ ಒಟ್ಟು ಆಯಿಲ್‌ನ ಆರನೆಯ ಒಂದು ಭಾಗವೇ ಹೋದಂತೆ. ತಿಂಗಳಿಗೊಮ್ಮೆ ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷವಾದ ಮೇಲೆ ಡಿಪ್‌ಸ್ಟಿಕ್ ಎಳೆದು ನೀನೇ ನೋಡು. ಕಂಪನಿಯವರು ಹತ್ತು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಾಯಿಸಿ ಎನ್ನುತ್ತಾರೆ; ಆದರೆ ಬನಶಂಕರಿಯಿಂದ ಸಿಲ್ಕ್ ಬೋರ್ಡ್ ದಾಟಲು ಒಂದು ಗಂಟೆ ತೆಗೆದುಕೊಳ್ಳುವ ಊರಿನಲ್ಲಿ ಮೀಟರ್ ಓಡದಿದ್ದರೂ ಎಂಜಿನ್ ಓಡುತ್ತಲೇ ಇರುತ್ತದೆ. ನೀನು ಏಳು ಸಾವಿರಕ್ಕೆ, ಇಲ್ಲವೇ ಎಂಟು ತಿಂಗಳಿಗೆ, ಯಾವುದು ಮೊದಲೋ ಅದಕ್ಕೆ ಬದಲಾಯಿಸಿಬಿಡು. ದರ್ಜೆ ಕೈಪಿಡಿಯಲ್ಲಿ ಹೇಳಿದ್ದೇ ಇರಲಿ. ಅಂಗಡಿಯವನು ಕೊಟ್ಟದ್ದಾಗುವುದು ಬೇಡ.

ನಾನಿಷ್ಟು ಒತ್ತಿ ಹೇಳಲು ಕಾರಣವಿದೆ. ಈ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್ ಶಾಫ್ಟನ್ನು ತಿರುಗಿಸುವುದು ರಬ್ಬರ್ ಬೆಲ್ಟ್ ಅಲ್ಲ, ಉಕ್ಕಿನ ಚೈನ್. ಚೈನ್ ಎಂದಕೂಡಲೇ ಅದನ್ನು ಬದಲಾಯಿಸುವುದೇ ಬೇಡ ಎಂದು ಮಾರುವವರೆಲ್ಲ ಹೇಳುತ್ತಾರೆ. ಆದರೆ ಆ ಚೈನನ್ನು ಬಿಗಿಯಾಗಿ ಹಿಡಿದಿರುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್‌ನ ಒತ್ತಡದಿಂದ, ಮತ್ತು ಚೈನಿನ ಪಿನ್ನುಗಳು ಸವೆಯುವುದು ಆಯಿಲ್‌ನಲ್ಲಿ ಕೂಡಿದ ಮಸಿಯಿಂದ. ಹಳೆಯ ಆಯಿಲ್‌ನಲ್ಲೇ ಓಡಿಸಿದ ಗಾಡಿಯಲ್ಲಿ ಒಂದೊಂದು ಪಿನ್ನೂ ಕೂದಲೆಳೆಯಷ್ಟು ಸವೆದು, ಒಟ್ಟಾರೆ ಚೈನ್ ಉದ್ದವಾಗಿ, ಒಂದು ದಿನ ಚಕ್ರದ ಹಲ್ಲಿನಿಂದ ಜಾರುತ್ತದೆ. 2011ರಲ್ಲಿ ನನ್ನ ಗಾಡಿಗೇ ಹೀಗಾಯಿತು. ಅದರಲ್ಲೂ ಇಂಥದ್ದೇ ಎಂಜಿನ್ ಇತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡು ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದಂತಹ ಸದ್ದು ಬರುತ್ತಿತ್ತು. ಬೇರೆಯವರ ಗಾಡಿಗಳ ಕೆಲಸದ ನಡುವೆ ನನ್ನದನ್ನು ಮುಂದೂಡುತ್ತ ಹದಿನಾರು ಸಾವಿರ ಕಿಲೋಮೀಟರ್ ಒಂದೇ ಆಯಿಲ್‌ನಲ್ಲಿ ಓಡಿಸಿದ್ದೆ. ನಿನ್ನ ಅತ್ತೆಯೊಡನೆ ತುಮಕೂರಿಗೆ ಹೋಗುತ್ತಿದ್ದಾಗ ದಾಬಸ್‌ಪೇಟೆ ದಾಟುತ್ತಿದ್ದಂತೆ ಎಂಜಿನ್ ಒಮ್ಮೆಲೇ ನಿಂತಿತು. ಹಿಂದೆ ಲಾರಿಯೊಂದು ಬರುತ್ತಿತ್ತು. ಪಕ್ಕಕ್ಕೆ ಸರಿಯುವಷ್ಟು ವೇಗ ಉಳಿದಿದ್ದರಿಂದ ಬಚಾವಾದೆವು. ಮೇಲಿನ ಕವರ್ ಬಿಚ್ಚಿ ನೋಡಿದಾಗ ವಾಲ್ವುಗಳನ್ನು ಒತ್ತುವ ಹದಿನಾರು ರಾಕರ್ ಆರ್ಮ್‌ಗಳಲ್ಲಿ ಏಳು ಮುರಿದಿದ್ದವು. ಈ ಎಂಜಿನ್ನಿನಲ್ಲಿ ಹಲ್ಲು ಜಾರಿದಾಗ ಮೊದಲು ರಾಕರ್‌ಗಳು ಮುರಿದು ಎಷ್ಟೋ ಸಲ ವಾಲ್ವನ್ನೂ ಪಿಸ್ಟನ್ನನ್ನೂ ಉಳಿಸುತ್ತವೆ. ನನಗೆ ಸಿಕ್ಕ ಸಮಾಧಾನ ಅಷ್ಟೇ. ತಪ್ಪು ನನ್ನದೇ ಆಗಿತ್ತು, ಆ ಸದ್ದಿನ ಅರ್ಥ ನನಗೆ ಗೊತ್ತಿತ್ತು.

ಟರ್ಬೊ ಕೂಡ ಇದೇ ಆಯಿಲ್‌ನ ಕೂಸು. ಹೊಗೆಯ ವೇಗದಿಂದ ತಿರುಗುವ ಅದರ ಚಕ್ರ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತನ್ನೂ ದಾಟುತ್ತದೆ. ಅದರ ಶಾಫ್ಟು ಆಯಿಲ್‌ನ ತೆಳುಪದರದ ಮೇಲೆ ತೇಲುತ್ತಿರುತ್ತದೆ. ಹಾಸನದಿಂದ ನೂರರ ವೇಗದಲ್ಲಿ ಬಂದು ಥಟ್ಟನೆ ಕೀ ತಿರುಗಿಸಿ ಆರಿಸಿದರೆ ಆಯಿಲ್ ಹರಿವು ನಿಲ್ಲುತ್ತದೆ, ಕಾದ ಟರ್ಬೊದೊಳಗೆ ಉಳಿದ ಆಯಿಲ್ ಸುಟ್ಟು ಕರಕಲಾಗುತ್ತದೆ. ಹೆದ್ದಾರಿಯ ಹೋಟೆಲಿನ ಮುಂದೆ ನಿಲ್ಲಿಸಿದಾಗ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲಿ, ಬಳಿಕ ಆರಿಸು. ಟರ್ಬೊದ ಸೀಲ್ ಹೋದರೆ ನೀಲಿ ಹೊಗೆ ಬರುತ್ತದೆ. ಅದನ್ನು ಕಡೆಗಣಿಸಿದರೆ ಅಪರೂಪಕ್ಕೆ ಒಂದು ಭಯಂಕರ ಸ್ಥಿತಿ ಬರುವುದುಂಟು: ಎಂಜಿನ್ ತನ್ನ ಆಯಿಲ್ಲನ್ನೇ ಎಳೆದುಕೊಂಡು ಉರಿಸುತ್ತ, ಕೀ ತೆಗೆದರೂ ನಿಲ್ಲದೆ ರೇಸ್ ಆಗತೊಡಗುತ್ತದೆ. ಹಾಗಾದರೆ ಗಾಡಿಯನ್ನು ನಿಲ್ಲಿಸಿ, ಬ್ರೇಕನ್ನು ಬಲವಾಗಿ ಒತ್ತಿ, ಐದನೇ ಗೇರಿಗೆ ಹಾಕಿ ಕ್ಲಚ್ಚನ್ನು ಬಿಟ್ಟುಬಿಡು; ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಬಾನೆಟ್ ತೆರೆಯಲು ಹೋಗಬೇಡ.

ಓಡಿಸುವ ರೀತಿಯ ಬಗ್ಗೆ ಒಂದು ಮಾತು. ಈ ಎಂಜಿನ್ನಿಗೆ 2000 ಆರ್‌ಪಿಎಂಗಿಂತ ಕೆಳಗೆ ಪಿಕಪ್ ಇರುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿದ್ದು ಇಲ್ಲಿನ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಟರ್ಬೊ ಎಚ್ಚರಗೊಂಡ ಮೇಲೆ ಆ ಕೊರತೆ ತುಂಬುತ್ತದೆ, ಅದಕ್ಕೂ ಮುಂಚೆ ಇಲ್ಲ. ಆದ್ದರಿಂದ ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಆಕ್ಸಿಲರೇಟರ್ ಒತ್ತಿ ಅದನ್ನು ಹಿಂಸಿಸಬೇಡ, ಗೇರ್ ಇಳಿಸು. ಫ್ಲೈಓವರ್ ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ತಡೆದು ನಿಲ್ಲಿಸುವ ಅಭ್ಯಾಸವೂ ಬೇಡ.

ನಿನ್ನ ಆಫೀಸು ಜೆ.ಪಿ. ನಗರದಲ್ಲಿ, ಮನೆಯಿಂದ ಐದು ಕಿಲೋಮೀಟರ್. ಬರೀ ಅಷ್ಟೇ ಓಡಾಟವಾಗಿದ್ದರೆ ಡೀಸೆಲ್ ಬೇಡವೇ ಬೇಡ ಎನ್ನುತ್ತಿದ್ದೆ. ಹೊಗೆಯ ಒಂದು ಪಾಲನ್ನು ಮತ್ತೆ ಒಳಕ್ಕೆ ಕಳಿಸಿ ಉರಿಯ ತಾಪವನ್ನು ತಗ್ಗಿಸಿ ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಮಾಡಲು ಇಜಿಆರ್ ವಾಲ್ವ್ ಎಂಬುದೊಂದಿದೆ. ಎಂಜಿನ್ ಚೆನ್ನಾಗಿ ಬಿಸಿಯಾಗುವ ಮೊದಲೇ ಆಫೀಸು ಬಂದುಬಿಟ್ಟರೆ, ಆ ಹೊಗೆಯ ಮಸಿಯೂ ಆಯಿಲ್‌ನ ಆವಿಯೂ ಬೆರೆತು ಡಾಂಬರಿನಂತೆ ಅಂಟಿಕೊಂಡು ವಾಲ್ವ್ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಗಾಡಿ ಜರ್ಕ್ ಹೊಡೆಯುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ಪೈಪು ಬಿರುಕು ಬಿಟ್ಟರೂ ಇದೇ ಕಪ್ಪು ಹೊಗೆ, ಜೊತೆಗೆ ಸುಂಯ್ ಎಂಬ ಸದ್ದು. ಆದ್ದರಿಂದ ಟರ್ಬೊ ಹೋಗಿದೆ ಎಂದು ಯಾರಾದರೂ ಹೇಳಿದರೆ ಮೊದಲು ಆ ಪೈಪನ್ನು ಕೈಯಿಂದ ತಡವಿ ನೋಡಲು ಹೇಳು. ಇಜಿಆರ್‌ಗೆ ತಗಡು ಬಡಿದು ಮುಚ್ಚಿಬಿಡುತ್ತೇನೆ ಎನ್ನುವ ಮೆಕ್ಯಾನಿಕ್ ಬಳಿ ಹೋಗಬೇಡ; ಅದನ್ನು ಬಿಚ್ಚಿ ತೊಳೆದರೆ ಸಾಕು, ನಾವು ಉಸಿರಾಡುವ ಗಾಳಿಯನ್ನು ಕೆಡಿಸುವ ಹಕ್ಕು ನಮಗಿಲ್ಲ. ನೀನು ಎರಡು ವಾರಕ್ಕೊಮ್ಮೆ ಹಾಸನಕ್ಕೆ ಹೋಗುವೆಯೆಂಬ ಕಾರಣಕ್ಕೇ ನಾನು ಒಪ್ಪಿದ್ದೇನೆ. ನೆಲಮಂಗಲ ದಾಟಿ ಎರಡೂವರೆ ಗಂಟೆ ಒಂದೇ ಹದದಲ್ಲಿ ಓಡಿದರೆ ಎಂಜಿನ್ನಿಗೆ ಅದೇ ಔಷಧ. ಬಿಎಸ್-6 ಡೀಸೆಲ್ಲನ್ನೇ ಕೊಳ್ಳು ಎಂದು ನಿನ್ನ ಸಹೋದ್ಯೋಗಿಯೊಬ್ಬರು ಹೇಳಿದರಂತೆ. ಅವುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜರಡಿ ಇದೆ, ಅದರ ಮಸಿ ಸುಡಲು ಸುಮಾರು 600 ಡಿಗ್ರಿ ತಾಪ ಬೇಕು, ಐದು ಕಿಲೋಮೀಟರಿನ ಓಡಾಟಕ್ಕೆ ಅದು ಇನ್ನೂ ಕಷ್ಟ.

ಇನ್ನು ನನ್ನ ಕಸುಬಿನ ಭಾಗ. ನಾನು ಕೆಲಸ ಕಲಿತ ಕಾಲದ ಪಂಪುಗಳು ಸ್ವಲ್ಪ ಕಸವನ್ನು ಸಹಿಸುತ್ತಿದ್ದವು. ಒಂದೇ ಕೊಳವೆಯಿಂದ ನಾಲ್ಕೂ ಸಿಲಿಂಡರಿಗೆ ಡೀಸೆಲ್ ಹಂಚುವ ಈ ಕಾಮನ್ ರೈಲ್ ಸಹಿಸದು. ಇಲ್ಲಿ ಡೀಸೆಲ್ಲಿನ ಒತ್ತಡ 1600 ಬಾರ್‌ವರೆಗೂ ಏರುತ್ತದೆ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನೊಳಗಿನ ಸಂದು ಮೈಕ್ರಾನ್‌ಗಳ ಲೆಕ್ಕದ್ದು. ಒಂದು ಹನಿ ನೀರು ಸಾಕು ತುಕ್ಕು ಹಿಡಿಸಲು. ಮಳೆಗಾಲದಲ್ಲಿ ನೀರು ನಿಂತ ಬಂಕಿನಲ್ಲಿ ಡೀಸೆಲ್ ಹಾಕಿಸಬೇಡ, ಟ್ಯಾಂಕನ್ನು ತಳ ಕಾಣುವಷ್ಟು ಬರಿದು ಮಾಡಬೇಡ, ಡೀಸೆಲ್ ಫಿಲ್ಟರನ್ನು ಇಪ್ಪತ್ತು ಸಾವಿರಕ್ಕೊಮ್ಮೆ ಬದಲಾಯಿಸು. ಇಂಜೆಕ್ಟರ್ ಹೋಯಿತು ಎಂದು ಯಾರೇ ಹೇಳಿದರೂ, ನಾಲ್ಕಕ್ಕೂ ಬಾಟಲಿ ಕಟ್ಟಿ ರಿಟರ್ನ್, ಅಂದರೆ ಉರಿಯದೆ ಹಿಂದಿರುಗುವ ಡೀಸೆಲ್, ಎಷ್ಟು ಬರುತ್ತದೆಂದು ಅಳೆದು ತೋರಿಸುವಂತೆ ಕೇಳು. ಒಂದರಿಂದ ಹೆಚ್ಚು ಬಂದರೆ ಕೆಟ್ಟದ್ದು ಅದೊಂದೇ. ನಾಲ್ಕನ್ನೂ ಬದಲಾಯಿಸಿ ಹಣ ಕೊಡುವ ಅಗತ್ಯವಿಲ್ಲ. ಕೆಲವೊಮ್ಮೆ ಇಂಜೆಕ್ಟರ್ ಸರಿಯಾಗಿಯೇ ಇದ್ದು ಅದರ ಬುಡದ ತಾಮ್ರದ ವಾಷರ್ ಮಾತ್ರ ಸೋರುತ್ತಿರುತ್ತದೆ. ಚುಕ್ ಚುಕ್ ಎಂಬ ಸದ್ದು, ಸುತ್ತ ಗಟ್ಟಿಯಾದ ಕಪ್ಪು ಕಿಟ್ಟ ಕಂಡರೆ ಅದೇ.

2028ರಲ್ಲಿ ಗಾಡಿಗೆ ಹದಿನೈದು ವರ್ಷ ತುಂಬುವುದರಿಂದ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸಬೇಕಾಗುತ್ತದೆ. ಬೆಲೆ ಮಾತಾಡುವಾಗ ಅದು ನೆನಪಿರಲಿ. ಸರ್ವಿಸ್ ಚೀಟಿಗಳಿಲ್ಲದಿದ್ದರೆ, ಎಷ್ಟೇ ಹೊಳಪಾಗಿದ್ದರೂ ಆ ಗಾಡಿ ನಮಗೆ ಬೇಡ.

ಭಾನುವಾರ ಬೆಳಗ್ಗೆ ಆರೂವರೆಗೆ ನಾನೇ ಬರುತ್ತೇನೆ. ನಾವು ಬರುವ ಮುಂಚೆ ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹಿಂದಿನ ರಾತ್ರಿಯೇ ಹೇಳಿಡು. ಚೈನಿನ ಸದ್ದಾಗಲಿ, ಸ್ಟಾರ್ಟ್ ಮಾಡುವ ಮುನ್ನ ಸಿಲಿಂಡರನ್ನು ಬಿಸಿ ಮಾಡುವ ಗ್ಲೋ ಪ್ಲಗ್ಗಿನ ದೋಷವಾಗಲಿ ತಣ್ಣಗಿದ್ದಾಗ ಮಾತ್ರ ಬಯಲಾಗುತ್ತದೆ. ಮೊದಲು ನೀನು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡು. ಬೆಚ್ಚಗಿದ್ದರೆ ಒಳಗೆ ಹೋಗಿ ಕಾಫಿ ಕುಡಿಯುವುದೂ ಬೇಡ, ಹಾಗೆಯೇ ಹಿಂದಿರುಗೋಣ. ತಣ್ಣಗಿದ್ದರೆ ನೀನು ಕೀ ತಿರುಗಿಸು, ಮೀಟರಿನಲ್ಲಿ ಗ್ಲೋ ಪ್ಲಗ್ಗಿನ ಕಾಯಿಲ್ ಚಿಹ್ನೆ ಆರಿದ ಮೇಲೆ ಸ್ಟಾರ್ಟ್ ಮಾಡು. ನಾನು ಚೈನಿನ ಬದಿಯಲ್ಲಿ ಕಿವಿಗೊಟ್ಟು ನಿಂತಿರುತ್ತೇನೆ. ಆಮೇಲೆ ಆಯಿಲ್ ಕ್ಯಾಪ್ ತೆಗೆದು, ಒಳಗಿನ ಸವೆತವನ್ನು ತೋರಿಸುವ ಹೊಗೆ ಬುಸುಗುಡುತ್ತದೆಯೋ ಎಂದು ಇಬ್ಬರೂ ನೋಡೋಣ. ಬರುವಾಗ ಒಂದು ಟಾರ್ಚ್, ಒಂದು ಹಳೆಯ ಬಟ್ಟೆ ತಾ.

ಇತಿ ನಿನ್ನ ಮಾವ